ಒಹಾಯೋ ಬ್ಯಾಂಕಿನ ನೂರಿಪ್ಪತ್ತೈದು ವರ್ಷ

ಹಯವದನ ಬಾಯಿ ಬಿಟ್ಟಿದ್ದೇ ತಪ್ಪಾಯಿತು.

ಅವನದು ಇಂಗ್ಲೆಂಡಿನ ಲೀಡ್ಸ್‌ನ ಆಫೀಸು. ಅಮೆರಿಕದ ಒಹಾಯೋ ಕಡೆಯ ಬ್ಯಾಂಕೊಂದರ ಕಂಪ್ಯೂಟರ್ ಕೆಲಸವೆಲ್ಲ ಅಲ್ಲೇ ನಡೆಯುತ್ತಿತ್ತು. ಸೇರಿ ಏಳು ತಿಂಗಳಾದರೂ ಅವನನ್ನು ಯಾರೂ ಊಟಕ್ಕೆ ಜೊತೆಗೆ ಕರೆದಿರಲಿಲ್ಲ. ಭಾನುವಾರಗಳು ಕಳೆಯದೆ ಬ್ಯಾಂಕಿನ ವೆಬ್‌ಸೈಟನ್ನೇ ಕಾದಂಬರಿಯಂತೆ ಓದಿ ಮುಗಿಸಿದ್ದ. ಹಾಗಾಗಿ ಮೀಟಿಂಗಿನಲ್ಲಿ ಯಾರೋ "ನಮ್ಮ ಬ್ಯಾಂಕು ಶುರುವಾಗಿದ್ದು ಯಾವಾಗ?" ಎಂದಾಗ, "ಸಾವಿರದೆಂಟುನೂರ ಎಂಬತ್ತೊಂಬತ್ತು, ಮರ ಕೊಯ್ಯೋ ಮಿಲ್ಲಿನ ಹಿಂದಿನ ರೂಮಲ್ಲಿ" ಎಂದುಬಿಟ್ಟ.

ಮ್ಯಾನೇಜರ್ ನೀರಜಾ ಮೈಸೂರಿನವರು. "ಶುಕ್ರವಾರ ಒಹಾಯೋದಿಂದ ಡೈರೆಕ್ಟರ್ ಬರ್ತಿದ್ದಾರೆ. ಬ್ಯಾಂಕಿನ ನೂರಿಪ್ಪತ್ತೈದು ವರ್ಷದ ಹಿಸ್ಟರಿ ನೀವೇ ಹೇಳ್ಬಿಡಿ ಹಯವದನ್, ಇಪ್ಪತ್ತು ನಿಮಿಷ" ಎಂದರು.

ಶುಕ್ರವಾರ ಬೆಳಿಗ್ಗೆ ಪಕ್ಕದೂರು ಹಡರ್ಸ್‌ಫೀಲ್ಡ್‌ನ ಮನೆಯಿಂದ ಹೊರಟವನನ್ನು ಪಕ್ಕದ ಮನೆಯ ಶಕುಂತಲಾ ತಡೆದರು. "ಅಯ್ಯೋ, ಈ ಸ್ವೆಟರಲ್ಲಿ ಹೋಗ್ತೀರಾ? ನಮ್ಮನೆಯವರ ಸೂಟಿದೆ, ಹಾಕ್ಕೊಳ್ಳಿ. ಆಮೇಲೆ ನಂಬರು ಗಿಂಬರು ಹೇಳಿ ನಿದ್ದೆ ಬರಿಸ್ಬೇಡಿ, ಕತೆ ಥರ ಹೇಳಿ."

ಅವರ ಯಜಮಾನರು ಡಾಕ್ಟರ್ ಗುರುಸಿದ್ದಪ್ಪ ಹಯವದನನ ಎರಡರಷ್ಟಿದ್ದರು. ಆ ಸೂಟಿನೊಳಗೆ ಅವನು ದಿಂಬಿನ ಕವರಿಗೆ ಬಿದ್ದ ಪೆನ್ಸಿಲಿನಂತೆ ಕಂಡ. ಬೇಡವೆನ್ನಲು ಬಾಯಿ ಬರಲಿಲ್ಲ. ರೈಲು ರದ್ದಾಗಿತ್ತು. ಬಸ್ಸು ಹಿಡಿದು, ಮಳೆಯಲ್ಲಿ ನೆನೆದು ಆಫೀಸು ಮುಟ್ಟಿದಾಗ ನೆನಪಾಯಿತು: ಸ್ಲೈಡುಗಳಿದ್ದ ಪೆನ್‌ಡ್ರೈವು ಮನೆಯಲ್ಲಿ ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿದೆ.

ನಲವತ್ತು ಜನ ಕಾಯುತ್ತಿದ್ದರು. ಒಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈ ಆಡಿಸುತ್ತ ಹಯವದನ ಕತೆಯನ್ನೇ ಹೇಳಿದ. ಮಿಲ್ಲಿನ ಕೋಣೆಯ ಬಡಪಾಯಿ ಬ್ಯಾಂಕು ಪಕ್ಕದೂರಿನ ಬ್ಯಾಂಕನ್ನು ನುಂಗಿತು. ರುಚಿ ಹತ್ತಿತು. ನದಿಯಾಚೆಯ ಎರಡನ್ನು ಒಟ್ಟಿಗೇ ನುಂಗಿತು. ಆಮೇಲೆ ಜಿಲ್ಲೆಗೊಂದರಂತೆ, ಚಟ್ನಿಯನ್ನೂ ಕೇಳದೆ ಇಡ್ಲಿ ತಿನ್ನುವವರಂತೆ ನುಂಗುತ್ತಲೇ ಹೋಯಿತು. ಮೊದಲು ಹಿಂದಿನ ಸಾಲಿನವರು ನಕ್ಕರು, ಆಮೇಲೆ ಎಲ್ಲರೂ. ಯಾರೋ ಅವನಿಗೆ ಟೀ ತಂದುಕೊಟ್ಟರು.

"ಇಷ್ಟು ದಿನ ಯಾಕ್ರೀ ಸುಮ್ಮನಿದ್ರಿ?" ಎಂದರು ನೀರಜಾ. "ಸೋಮವಾರದಿಂದ ನಮ್ಮ ಟೇಬಲ್ಲಿಗೇ ಊಟಕ್ಕೆ ಬನ್ನಿ."

ಹಯವದನ ಪ್ಯಾಂಟು ಹಿಡಿದ ಕೈ ಬಿಡದೆ ಟೀಯನ್ನೆಲ್ಲ ಒಂದೇ ಗುಟುಕಿಗೆ ಕುಡಿದ.

ನಗದೆ ಕೂತಿದ್ದವರು ಡೈರೆಕ್ಟರ್ ಒಬ್ಬರೇ. ಆಕೆ ಎದ್ದು ನಿಂತರು. ವಿಷಯ ಹೇಗೆ ತೆಗೆಯುವುದೆಂದು ವಿಮಾನದುದ್ದಕ್ಕೂ ಯೋಚಿಸಿದ್ದರಂತೆ. ಹಯವದನನ ಕತೆ ಅದನ್ನು ಸುಲಭ ಮಾಡಿಕೊಟ್ಟಿತು ಎಂದರು. ಅಮೆರಿಕದ ದಕ್ಷಿಣದ ದೊಡ್ಡ ಬ್ಯಾಂಕೊಂದು ಒಹಾಯೋ ಬ್ಯಾಂಕನ್ನು ಆ ಬೆಳಿಗ್ಗೆಯೇ ನುಂಗಿತ್ತು. ಯಾರ ಕೆಲಸವೂ ಹೋಗುವುದಿಲ್ಲ. ಮುಂದಿನ ತಿಂಗಳು ಎಲ್ಲರೂ ಇಂಗ್ಲೆಂಡಿನಲ್ಲೇ ಇರುವ ಅದರ ಬರ್ಮಿಂಗ್‌ಹ್ಯಾಮ್ ಆಫೀಸಿಗೆ. ಹಳೆಯ ದಾಖಲೆಗಳನ್ನು ಒಪ್ಪಿಸಲು ಒಬ್ಬರು ಮಾತ್ರ ಒಂದು ವರ್ಷ ಇಲ್ಲೇ ಉಳಿಯಬೇಕು.

"ಬ್ಯಾಂಕಿನ ಹಿಂದುಮುಂದು ಇವರಷ್ಟು ಬಲ್ಲವರು ಯಾರಿದ್ದಾರೆ?" ಎಂದು ಹಯವದನನತ್ತ ತಿರುಗಿದರು. ಆ ದಿನದ ಅತಿ ಜೋರಾದ ಚಪ್ಪಾಳೆ ಆಗ ಬಿತ್ತು.

ಹತ್ತು ನಿಮಿಷ ಯಾರೂ ಅಲುಗದಿದ್ದರೆ ದೀಪ ತಾನಾಗಿ ಆರುವ ಆಫೀಸು ಅದು. ನಲವತ್ತು ಜನರಿದ್ದಾಗ ಇದು ಯಾರಿಗೂ ತಿಳಿದಿರಲಿಲ್ಲ. ಒಬ್ಬನೇ ಉಳಿದ ಮೊದಲ ಸೋಮವಾರ ಕತ್ತಲಾದಾಗಲೆಲ್ಲ ಹಯವದನ ಎದ್ದು ನಿಂತು ಎರಡೂ ಕೈ ಬೀಸಿದ. ಮೊದಲ ಸಲ ಎದುರು ಕಟ್ಟಡದ ಹೆಂಗಸೊಬ್ಬಳು ತನಗೇ ಎಂದುಕೊಂಡು ಕೈ ಬೀಸಿದಳು. ಎರಡನೆಯ ಸಲ ನಕ್ಕಳು. ಮೂರನೆಯ ಸಲ ಪರದೆ ಎಳೆದುಕೊಂಡಳು.