ಪತಂಗದ ಗುಪ್ತರೋಗ

ಹುಣಸೂರು ಸೀಮೆಯ ರೈತರಿಗೆ ಬೆಳೆಗೆ ಬೀಳುವ ಹುಳುವಿನ ಬಗ್ಗೆ ಹೇಳುವುದು ನನ್ನ ಕೆಲಸ. ಹುಳುವಿನ ವಿಷಯ ಹೇಳಲು ಹೋದರೆ ಮನುಷ್ಯರ ವಿಷಯ ಕೇಳಿಕೊಂಡೇ ಬರಬೇಕಾಗುತ್ತದೆ. ಎಷ್ಟು ವರ್ಷವಾದರೂ ಇದು ತಪ್ಪಿಲ್ಲ. ಈ ಅವರೆ ಕಾಲದಲ್ಲಿ ಕಟ್ಟೆಮಳಲವಾಡಿಯೊಂದರಲ್ಲೇ ಇಷ್ಟು ನಡೆಯಿತು.

ಒಳಗೆ ಹೋಗಬೇಕಾದವರು

ಸಭೆ ಸೇರಬೇಕಿದ್ದ ಮನೆಯ ಯಜಮಾನ್ತಿ ಕಾಫಿಗಿಂತ ಮೊದಲು ಕಷ್ಟ ಹೇಳಿಕೊಂಡರು. ಮಗನಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಸೊಸೆಯನ್ನು ಆಸ್ಪತ್ರೆ, ನಾಟಿ ಔಷಧಿ, ಹರಕೆ ಎಂದು ಎಲ್ಲ ಕಡೆ ಸುತ್ತಿಸಿದ್ದಾಯಿತು. "ಅವಳ್ನ ತೌರಿಗೆ ಕಳ್ಸಿ, ಪಿರಿಯಾಪಟ್ಟಣದ ಕಡೆಯಿಂದ ಬ್ಯಾರೆ ಹೆಣ್ಣು ತರಾನ ಅಂತಿದೀವಿ ಮೇಡಮ್ಮೋರೆ" ಎಂದರು. ಸೊಸೆ ಅಲ್ಲೇ ಲೋಟ ಹಿಡಿದು ನಿಂತಿದ್ದಳು. ನನಗೆ ಆ ಕಾಫಿ ಸೇರಲಿಲ್ಲ.

ರೈತರು ಜಗಲಿಯ ಮೇಲೆ ಸೇರಿದರು. ಕಾಯಿ ಕೊರೆಯುವ ಹುಳು ಪತಂಗದ ಮೊಟ್ಟೆಯಿಂದ ಬರುತ್ತದೆ ಎಂದು ಶುರು ಮಾಡಿ, ಹೊರದೇಶದಲ್ಲಿ ಅಂಥ ಪತಂಗಗಳಿಗೆ ಬರುವ ಒಂದು ವೈರಸ್ಸಿನ ಬಗ್ಗೆ ಹೇಳಿದೆ. ಗಂಡು ಹೆಣ್ಣು ಕೂಡಿದಾಗ ಒಂದರಿಂದ ಒಂದಕ್ಕೆ ಅಂಟುತ್ತದೆ. ಅಂಟಿದ ಮೇಲೆ ಎಷ್ಟೋ ಪತಂಗಗಳಿಗೆ ಸಂತಾನವೇ ಇಲ್ಲ. ಗಂಡಸರೆಲ್ಲ ಚಾವಣಿಯ ತೊಲೆ ನೋಡತೊಡಗಿದರು. ಹಿರಿಯರೊಬ್ಬರು ಕೆಮ್ಮಿ, "ಎಂಗುಸ್ರೆಲ್ಲ ಒಳಿಕ್ಕೋಗ್ರವ್ವ, ಇದು ನೀವು ಕೇಳೋ ಮಾತಲ್ಲ" ಎಂದರು.

"ಹಾಗಾದರೆ ನಾನೂ ಹೋಗಲಾ?" ಎಂದೆ.

ಅವರು ಸ್ವಲ್ಪ ಯೋಚಿಸಿ, "ನೀವು ಬ್ಯಾಡಿ, ನೀವು ಸರ್ಕಾರದೋರು" ಎಂದರು.

ಬದುವಿನ ಮೇಲೆ

ಆ ವೈರಸ್ಸು ನಮ್ಮಲ್ಲಿ ಸಿಗುವಂಥದ್ದಲ್ಲ, ಹುಳು ತಡೆಯಲು ನಮಗಿರುವುದು ಮೋಹಕ ಬಲೆ ಎಂದು ತೋರಿಸಿದೆ. ಅದರೊಳಗೆ ಹೆಣ್ಣು ಪತಂಗದ ವಾಸನೆ ಇಟ್ಟಿರುತ್ತಾರೆ, ಗಂಡು ಹುಡುಕಿಕೊಂಡು ಬಂದು ಚೀಲಕ್ಕೆ ಬೀಳುತ್ತದೆ. ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಂದೊಂದು ಬಲೆ ತೆಗೆದುಕೊಂಡು ಹೋದರು. ಹೊಲ ಅಕ್ಕಪಕ್ಕ.

ಅಣ್ಣನಿಗೆ ಅನುಮಾನ ಹತ್ತಿತು. ಬಲೆ ನನ್ನ ಹೊಲದಲ್ಲಿದ್ದರೆ ಊರ ಚಿಟ್ಟೆಯೆಲ್ಲ ನನ್ನ ಹೊಲಕ್ಕೇ ಬರುವುದಿಲ್ಲವೇ? ಸಂಜೆ ಬಲೆ ಕಿತ್ತುಕೊಂಡು ತಮ್ಮನ ಹೊಲದಲ್ಲಿ ನೆಡಲು ಹೊರಟ. ತಮ್ಮನೂ ಅದೇ ತಾಯಿಯ ಮಗ, ಅವನೂ ಹೊರಟಿದ್ದ. ನಾನು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ನೋಡುತ್ತಿರುವಾಗಲೇ ಇಬ್ಬರೂ ಬದುವಿನ ಮೇಲೆ ಎದುರಾದರು.

"ಎಲ್ಲಿಗ್ಲಾ?" ಎಂದ ಅಣ್ಣ.

"ಗಾಳಿಗೆ ಬಿದ್ದಿತ್ತು ಕಣಣ್ಣ, ನಿಂದೇನೋ ಅಂತ ತಂದೆ."

"ನಂಗೂ ಅಂಗೇ ಒಂದು ಸಿಕ್ತು ಕಣ್ಲಾ."

ಪಾಲಾದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಇದೇ ಅಂತೆ. ಎರಡೂ ಸುಳ್ಳು.

ಸೊಸೆಯ ಪ್ರಶ್ನೆ

ಮುಂದಿನ ಸಭೆಯ ದಿನ ಅದೇ ಜಗಲಿಯ ತುದಿಯಲ್ಲಿ ಮದುವೆ ದಲ್ಲಾಳಿಯೂ ಕೂತಿದ್ದ, ಪಿರಿಯಾಪಟ್ಟಣದ ಹೆಣ್ಣಿನ ಫೋಟೊ ಜೇಬಿನಲ್ಲಿಟ್ಟುಕೊಂಡು. ಅದುವರೆಗೆ ಒಂದು ಮಾತೂ ಆಡದಿದ್ದ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಅವತ್ತು ಹೇಳುದ್ರಲ್ಲ ಚಿಟ್ಟೆ ಕಾಯ್ಲೆ, ಅದು ಗಂಡಿಗೂ ಬತ್ತದಾ?"

"ಬರುತ್ತಮ್ಮ."

"ಮತ್ತೆ ಸಂತಾನ ಆಗ್ನಿಲ್ಲ ಅಂದ್ರೆ ಯಾವುದನ್ನ ಪರೀಕ್ಷೆ ಮಾಡ್ತಾರೆ?"

"ಎರಡನ್ನೂ ಕೊಯ್ದು ನೋಡ್ತಾರೆ" ಎಂದೆ, ಇದ್ದದ್ದನ್ನೇ.

ಸೊಸೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಹುಳದಲ್ಲೂ ಎರಡ್ನೂ ನೋಡ್ತಾರಂತೆ. ಈ ಮನೇಲಿ ನನ್ನೊಬ್ಳನ್ನೇ ತೋರುಸ್ಕಬಂದ್ರಿ."

ಮಗ ಮೆಲ್ಲಗೆ ಎದ್ದು, "ಮೋಟ್ರು ಆಕ್ಬುಟ್ಟು ಬತ್ತೀನಿ" ಎಂದ.

"ಕರೆಂಟಿಲ್ಲ, ಕೂತ್ಕಳ್ಳಾ" ಎಂದರು ಯಜಮಾನ್ತಿ. ಸೊಸೆಯನ್ನೇ ಬಹಳ ಹೊತ್ತು ನೋಡಿ, ಆಮೇಲೆ ದಲ್ಲಾಳಿಗೆ, "ನೀವು ಓಗ್ಬನ್ನಿ. ಆ ಹೆಣ್ಣಿನ ಮಾತು ಇಲ್ಲಿಗೆ ಬುಡಿ. ಮೊದ್ಲು ಇವುನ್ನ ಡಾಕ್ಟ್ರಿಗೆ ತೋರುಸ್ತೀನಿ" ಎಂದರು. ಆಕೆಯ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

"ಅವ್ವ, ಕೊಯ್ತಾರಂತೆ" ಎಂದ ಮಗ, ಅಳುವವನಂತೆ. ಕೊಯ್ಯುವುದು ಪತಂಗಗಳನ್ನು ಮಾತ್ರ ಎಂದು ಹೇಳಬಹುದಿತ್ತು. ನನಗೆ ಮನಸ್ಸಾಗಲಿಲ್ಲ.

"ಕೊಯ್ಲಿ ಬುಡು" ಎಂದರು ತಾಯಿ. "ನಿನ್ನೆಡ್ತಿಗೆ ಅಷ್ಟೊಂದು ಸೂಜಿ ಚುಚ್ಚುವಾಗ ನೀನು ಆಸ್ಪತ್ರೆ ಮುಂದೆ ಬೋಂಡ ತಿಂತಾ ಕೂತಿದ್ದೆ ಕಣ್ಲಾ. ನಾಳೆ ನೀನು ಒಳಿಕ್ಕೋಗು. ಬೋಂಡ ನಾವಿಬ್ರು ತಿಂತೀವಿ."