ಬೋನು ಗಟ್ಟಿಯಾಗುವ ತನಕ

ಹೆಂಡತಿ ಅಮೃತಾಳ ಬೆಕ್ಕು ಚಂದ್ರಿ ಮಾಳಿಗೆಯಿಂದ ಬಿದ್ದು ಹಿಂಗಾಲು ಮುರಿದುಕೊಂಡ ದಿನ ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ. "ಅಳಬ್ಯಾಡ. ಇದನ್ನ ಮೊದಲಿನಂಗ ಓಡಾಡಿಸೋ ಜವಾಬ್ದಾರಿ ನಂದು!"

ಹರಪನಹಳ್ಳಿಯ ಪಶುವೈದ್ಯರೊಬ್ಬರು ಆಪರೇಷನ್ ಮಾಡಿ ಮುರಿದ ಎಲುಬಿನೊಳಗೆ ಸ್ಟೀಲ್ ಕಡ್ಡಿ ಕೂರಿಸಿದರು. ಅದು ಮುಗಿದ ಮೇಲೆ ಅಮೃತಾ ಬೆಕ್ಕನ್ನು ಅಪ್ಪಿಕೊಂಡು ಹೊರಗೆ ಕೂತಿದ್ದಳು. ಹಾಗಾಗಿ ಸೂಚನೆ ಕೇಳಿಸಿಕೊಂಡ ಮಹಾನುಭಾವ ನಾನೊಬ್ಬನೇ.

"ಬೋನು ಗಟ್ಟಿ ಆಗೋ ತನಕ ಬೆಕ್ಕನ್ನ ಬಿಡಬೇಡ್ರಿ. ಜಿಗಿದ್ರೆ ಕೆಲಸ ಕೆಡುತ್ತೆ," ಎಂದರು ಡಾಕ್ಟರು.

ನಮ್ಮ ಮನೆಯಲ್ಲಿ ಬೋನು ಅಂದರೆ ಇಲಿ ಹಿಡಿಯುವ ಬೋನು. ಅಂದಮೇಲೆ ಬೆಕ್ಕಿಗೂ ಒಂದು ಬೋನು ಬೇಕು, ಅದು ಗಟ್ಟಿಯಾಗುವ ತನಕ ಬೆಕ್ಕನ್ನು ಒಳಗೆ ಬಿಡಬಾರದು. ಎಷ್ಟು ಸರಳ! ನಮ್ಮೂರು ಕೊಟ್ಟೂರಿಗೆ ಬಂದವನೇ ವೆಲ್ಡಿಂಗ್ ಅಂಗಡಿಯ ಮೌಲಾಸಾಬ್‌ಗೆ ಹೇಳಿದೆ: "ಗುಡೇಕೋಟಿ ಕಾಡಿನ ಕರಡಿ ಕುಂತ್ರೂ ಅಲ್ಲಾಡಬಾರದು, ಅಂಥಾ ಬೋನು ಮಾಡು."

ಅದು ಬರುವ ತನಕ ಬೆಕ್ಕನ್ನು ಹಣ್ಣಿನ ಪೆಟ್ಟಿಗೆಯಲ್ಲಾದರೂ ಕೂಡಿ ಹಾಕೋಣ ಎಂದಳು ಅಮೃತಾ. "ಡಾಕ್ಟರ ಮಾತು ಕೇಳಿದ್ದು ನೀನೋ, ನಾನೋ?" ಎಂದು ಬಾಯಿ ಮುಚ್ಚಿಸಿದೆ.

ಚಂದ್ರಿ ನನ್ನ ಮಂಚದ ಮೇಲೆ ರಾಣಿಯ ಹಾಗೆ ಮಲಗಿತು. ನಾನು ಚಹಾ ಕುಡಿಯಲು ಎದ್ದು ಹೋಗಿದ್ದಾಗ ಗೋಡೆಯ ಹಲ್ಲಿ ಕಂಡು ಕಪಾಟಿನ ಮೇಲಕ್ಕೆ ಜಿಗಿದು, ಅಲ್ಲಿಂದ ಜಾರಿ ಬಿದ್ದು ಚೀರಿತು. ಓಡಿ ಬಂದು ನೋಡಿದರೆ ಕಡ್ಡಿಯ ತುದಿ ಚರ್ಮ ಚುಚ್ಚಿಕೊಂಡು ಹೊರಗೆ ಬಂದಿತ್ತು.

ಡಾಕ್ಟರು ಎಕ್ಸ್‌ರೇ ನೋಡಿ ಸಿಡುಕಿದರು. "ಇಷ್ಟು ಬೇಗ ಯಾಕ್ರಿ ಬಿಟ್ರಿ? ಬೋನು ಇನ್ನೂ ಗಟ್ಟಿ ಆಗಿಲ್ಲ."

"ಎಲ್ಲಿ ಬಿಟ್ಟೀನ್ರಿ? ಇನ್ನಾ ವೆಲ್ಡಿಂಗ್ ನಡದೈತಿ."

"ಯಾವುದರ ವೆಲ್ಡಿಂಗ್?"

"ಬೋನಿಂದು. ನಮ್ಮ ಮೌಲಾಸಾಬ್ ಮಾಡಾಕತ್ಯಾನ."

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ನನ್ನನ್ನೇ ನೋಡಿದರು. "ನಾನು ಹೇಳಿದ್ದು ಇಂಗ್ಲಿಷಿನ ಬೋನು, ಅಂದ್ರೆ ಎಲುಬು, ಸ್ವಾಮಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಕಡ್ಡಿ ತೆಗೆದು ಪ್ಲೇಟ್ ಹಾಕಬೇಕು, ಕಾಲು ಉಳಿಯುತ್ತೆ ಅಂತ ಖಾತ್ರಿ ಕೊಡಲಾರೆ ಎಂದರು. ಆ ಪುಟ್ಟ ಕಾಲನ್ನು ನನ್ನ ದೆಸೆಯಿಂದ ಮತ್ತೆ ಕೊಯ್ಯುತ್ತಿದ್ದರು. ಅಮೃತಾ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಪಕ್ಕದಲ್ಲಿ ಜಾಗವಿತ್ತು, ಕೂರಲು ನನಗೆ ಮುಖವಿರಲಿಲ್ಲ. ಈ ಸಲದ ಸೂಚನೆಯನ್ನೆಲ್ಲ ಡಾಕ್ಟರು ಅವಳಿಗೇ ಹೇಳಿದರು.

ಮನೆಗೆ ಬಂದರೆ ಮೌಲಾಸಾಬ್ ಕರಡಿ ಗಾತ್ರದ ಬೋನನ್ನು ಆಟೋದಿಂದ ಇಳಿಸುತ್ತಿದ್ದ. "ಗಟ್ಟಿ ಆಗೈತ್ರಿ ಅಕ್ಕಾರ. ಇನ್ನ ಬಿಡ್ರಿ."

ಅಮೃತಾ ಬೆಕ್ಕನ್ನು ಎದೆಗೆ ಅವುಚಿಕೊಂಡೇ ಬೋನಿನ ಬಾಗಿಲು ತೆರೆದು ನನ್ನ ಕಡೆ ತಿರುಗಿದಳು.

"ಇದರ ಕಾಲು ಗಟ್ಟಿ ಆಗೋತನಕ ನೀವ ಒಳಗಿರ್ರಿ."

ನಾನು ಬೋನಿನ ಮುಂದೆ ಚಪ್ಪಲಿ ಬಿಟ್ಟೆ.