ಎರಡು ಕೋಣೆ, ಒಂದು ನೋಟೀಸು

ಟೆಂಡರ್ ಆಗುವವರೆಗೆ ಎಲ್ಲವೂ ನಿಯಮದ ಪ್ರಕಾರ ನಡೆಯುತ್ತದೆ. ಕೆಲಸದ ಆದೇಶ ಕೈಗೆ ಬಂದ ಮೇಲೆ ಮನುಷ್ಯರು ಶುರುವಾಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ ಅಂತ ಇಲ್ಲಿಲ್ಲೇ ಸುತ್ತಿ ಕಿರಿಯ ಎಂಜಿನಿಯರ್ ಆಗಿಯೇ ನಿವೃತ್ತನಾದ ನನಗೆ ಇಂಥ ಪ್ರಸಂಗಗಳಿಗೆ ಎಂದೂ ಬರ ಬೀಳಲಿಲ್ಲ. ಸಾವಳಗಿ ಕಡೆ ಒಂದು ಶಾಲೆಗೆ ಎರಡು ಕೋಣೆ ಕಟ್ಟಿಸಿದ್ದು ನೆನಪಾದರೆ ಈಗಲೂ ಊಟದ ನಡುವೆ ಒಬ್ಬನೇ ನಗುತ್ತೇನೆ. “ನೆತ್ತಿಗೇರತೈತಿ, ಮೊದ್ಲ ನುಂಗ್ರಿ” ಅಂತ ಹೆಂಡತಿ ಗದರುತ್ತಾಳೆ.

ಜಾಗ ಒಪ್ಪಿಸಿದ್ದು

ಗುತ್ತಿಗೆ ಹಿಡಿದವರು ಬನಹಟ್ಟಿಯ ನೇಕಾರ ಮನೆತನದವರು, ನಡುವಯಸ್ಸಿನವರು. ಅದೇ ಅವರ ಮೊದಲ ಸರಕಾರಿ ಕೆಲಸ. “ಇದರಾಗ ಹೆಸರು ಕೆಟ್ಟರ ಮುಗೀತ್ರಿ. ತಿರುಗಿ ನೇಯಾಕ ಕುಂದ್ರಬೇಕಂದ್ರ ಮಗ್ಗಾನೂ ಮಾರೇನಿ” ಅಂದಿದ್ದರು.

ಜಾಗ ಒಪ್ಪಿಸಲು ಅವರನ್ನು ಕರೆದುಕೊಂಡು ಹೋದರೆ ಅಲ್ಲಿ ತುಂಬ ಕುರಿ! ಪಕ್ಕದ ಹೊಲದವರು ಗೊಬ್ಬರಕ್ಕೆಂದು ಹಟ್ಟಿ ಹಾಕಿಸಿದ್ದರು. ಹಟ್ಟಿ ಹಿಗ್ಗಿ ಶಾಲೆಯ ಜಾಗಕ್ಕೂ ಬಂದಿತ್ತು. ಕುರಿ ಕಾಯುವ ಅಜ್ಜನಿಗೆ ಆದೇಶ ಓದಿ ಹೇಳಿದೆ. ಆತ ಕಂಬಳಿ ಹೊದ್ದುಕೊಂಡೇ ಪೂರ್ತಿ ಕೇಳಿ, “ಇದರಾಗ ಕುರಿ ಸುದ್ದಿ ಎಲ್ಲೈತ್ರಿ?” ಅಂದ. ನಿಜವೇ, ಎಲ್ಲೂ ಇರಲಿಲ್ಲ.

“ಅಜ್ಜಾರ, ನಾಳೆ ಪಾಯಾ ತೋಡಬೇಕ್ರಿ” ಎಂದು ಗುತ್ತಿಗೆದಾರರು ಕೈಮುಗಿದರು.

“ಹತ್ತು ದಿನ ತಡೀರಿ. ಪುಕ್ಕಟೆ ಗೊಬ್ಬರ ಬೀಳಾಕತ್ತೇತಿ. ನೀವು ಎರಡು ಖೋಲಿ ಹಾಕ್ರಿ, ನಾಕು ಬೆಳೀತಾವು.”

ಗೋಡೆ ಸವರಿದ್ದು

ಹತ್ತು ದಿನ ಕಳೆದು ಕುರಿ ಹೋದ ಮೇಲೆ ಗೋಡೆ ಎದ್ದಿತು, ಸಿಮೆಂಟು ಬಳಿದು ಗಿಲಾಯಿಯೂ ಆಯಿತು. ನಾನು ತೂಗುಗುಂಡು ಬಿಟ್ಟು, ಪಟ್ಟಿ ಹಿಡಿದು ನೋಡಿ ಪಾಸ್ ಮಾಡಿದೆ. ಗುತ್ತಿಗೆದಾರರು ಮಾತ್ರ ಕಣ್ಣು ಮುಚ್ಚಿ, ಸೀರೆ ನೋಡುವಂತೆ ಗೋಡೆಯನ್ನು ಅಂಗೈಯಿಂದ ಸವರುತ್ತ ಹೋಗಿ ಒಂದು ಕಡೆ ನಿಂತರು.

“ಇಲ್ಲಿ ಎಳಿ ತಪ್ಪೈತ್ರಿ. ಕೆಡವತೇನಿ.”

“ನಾನ ಪಾಸ್ ಮಾಡೇನಲ್ರೀ!”

“ನೀವು ಮಾಡೀರಿ. ನನ್ನ ಕೈ ಮಾಡವಲ್ದು.”

ಕೆಟ್ಟ ಗೋಡೆ ಕೆಡವಿಸಲು ಜೀವಮಾನವಿಡೀ ಜಗಳಾಡಿದವನು ನಾನು. ಕೆಡವಬೇಡಿ ಅಂತ ಗೋಗರೆದದ್ದು ಅವತ್ತೊಂದೇ ದಿನ. ಅಂಥ ಗುತ್ತಿಗೆದಾರ ಮತ್ತೆ ನನಗೆ ಸಿಗಲಿಲ್ಲ. ಆ ದಿನಗಳೂ ಸಿಗಲಿಲ್ಲ. ಮೂರನೇ ಸಲ ಕೆಡವಿದಾಗ ಗೋಡೆ ಕಟ್ಟುವ ಗೌಂಡಿ ನನ್ನನ್ನು ಬದಿಗೆ ಕರೆದ: “ಸಾಹೇಬ್ರ, ತಪಾಸಣಿಗೆ ದಿನಾ ನೀವ ಬರ್ರಿ. ಇವರನ್ನ ಬನಹಟ್ಟಿಗೆ ಕಳಿಸ್ರಿ.”

ನೋಟೀಸು ಕೊಟ್ಟಿದ್ದು

ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು. ಆಳು, ಟ್ರ್ಯಾಕ್ಟರ್ ಎಲ್ಲ ಕಾರ್ಖಾನೆಯ ದಾರಿ ಹಿಡಿದವು. ಕೆಲಸ ನಿಂತಿತು, ಅವಧಿ ಮುಗಿಯಿತು. ಹೊಸದಾಗಿ ಬಂದಿದ್ದ ದೊಡ್ಡ ಸಾಹೇಬರು ನನ್ನನ್ನು ಕರೆದು, “ಖಡಕ್ ನೋಟೀಸ್ ಬರೀರಿ. ಏಳು ದಿನದಾಗ ಸಮಜಾಯಿಷಿ ಕೊಡದಿದ್ರ ಗುತ್ತಿಗೆ ರದ್ದು, ಹೆಸರು ಕಪ್ಪುಪಟ್ಟಿಗೆ” ಅಂದರು. ನಾನು ‘ಅಕ್ಷಮ್ಯ ನಿರ್ಲಕ್ಷ್ಯ’, ‘ಉದ್ದೇಶಪೂರ್ವಕ ವಿಳಂಬ’ ಎಲ್ಲ ಸೇರಿಸಿ ಬರೆದೆ. ಅವರು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಗುತ್ತಿಗೆದಾರರು ನೋಟೀಸನ್ನು ಸೀರೆ ಅಂಗಡಿಯ ಚೀಲದಲ್ಲಿಟ್ಟುಕೊಂಡು ಜಮಖಂಡಿಯ ನಮ್ಮ ಮನೆಗೇ ಬಂದರು. ಮುಖ ಸಣ್ಣಗಾಗಿತ್ತು.

“ಸಾಹೇಬ್ರ, ಇದಕ್ಕ ಉತ್ತರ ಬರದುಕೊಡ್ರಿ. ಕಪ್ಪುಪಟ್ಟಿಗೆ ಹೋದ್ರ ಊರಾಗ ಹ್ಯಾಂಗ ಮುಖಾ ತೋರಿಸ್ಲಿ?”

“ಅಲ್ರೀ, ಇದನ್ನ ಬರದಾವನ ನಾನು!”

“ಹಂಗಾರ ಛಲೋ ಆತು ಬಿಡ್ರಿ. ಇದರಾಗಿನ ತಪ್ಪೆಲ್ಲಾ ನಿಮಗ ಗೊತ್ತಿರ್ತಾವು.”

ನನಗೆ ನಾಚಿಕೆಯಾಯಿತು, ಯಾಕೆಂದರೆ ತಪ್ಪು ಇದ್ದವು, ನನಗೆ ಗೊತ್ತೂ ಇದ್ದವು. ಹೆಂಡತಿ ಇಬ್ಬರಿಗೂ ಚಹಾ ತಂದಿಟ್ಟಳು. ಬರೆಯಲು ಕುಳಿತೆ. ಜಾಗವನ್ನು ಖಾಲಿ ಮಾಡಿಸಿ ಕೊಡಬೇಕಾದದ್ದು ಇಲಾಖೆಯ ಹೊಣೆ, ಕೊಡಲಿಲ್ಲ. ಗೋಡೆ ಕೆಡವಿದ್ದು ಗುಣಮಟ್ಟಕ್ಕಾಗಿ. ಹಂಗಾಮಿನಲ್ಲಿ ಆಳು ಸಿಗುವುದಿಲ್ಲವೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ನನ್ನ ನೋಟೀಸನ್ನು ನಾನೇ ಸಾಲು ಸಾಲಾಗಿ ಚಿಂದಿ ಮಾಡಿದೆ. ಓದಿ ಹೇಳಿದಾಗ ಅವರು ಕಣ್ಣೊರೆಸಿಕೊಂಡು, “ಖರೇನ ನಾ ಇಷ್ಟು ಛಲೋ ಮನಷ್ಯಾ ಅದೇನೇನ್ರಿ?” ಅಂದರು.

ವಿಚಾರಣೆಯ ದಿನ ಜಮಖಂಡಿಯ ಕಚೇರಿಯಲ್ಲಿ ನಾವಿಬ್ಬರೂ ಸಾಹೇಬರ ಎದುರು ಕುಳಿತೆವು. ಸಾಹೇಬರು ನೋಟೀಸು ಓದಿದರು, ಹುಬ್ಬು ಗಂಟಾಯಿತು. ಉತ್ತರ ಓದಿದರು, ಮುಖ ಅರಳಿತು. ಇನ್ನೊಮ್ಮೆ ಓದಿ, ಅಲ್ಲೇ ಮೂರು ತಿಂಗಳು ಅವಧಿ ಹೆಚ್ಚಿಸಿ ಸಹಿ ಹಾಕಿದರು. ಪಕ್ಕದಲ್ಲಿ ಗುತ್ತಿಗೆದಾರರು ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಹಾಳೆ ಅಲುಗಾಡಿತು.

“ಎಂಥಾ ವಕೀಲರನ್ನ ಹಿಡದೀರ್ರಿ! ಯಾರವರು?” ಸಾಹೇಬರು ಕೇಳಿದರು.

ನಾನು ಫ್ಯಾನು ನೋಡತೊಡಗಿದೆ. ಗುತ್ತಿಗೆದಾರರಿಗೆ ಸುಳ್ಳು ಹೇಳಿ ರೂಢಿಯಿಲ್ಲ. “ಇಲ್ಲೇ ಜಮಖಂಡ್ಯಾಗ ಅದಾರ್ರಿ. ಭಾಳ ದೊಡ್ಡ ಮನಸಿನವರು, ಚಹಾನೂ ಅವರ ಕುಡಿಸಿದ್ರು.”

ಸಾಹೇಬರು ನನ್ನ ನೋಟೀಸನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಂದಿಟ್ಟರು. “ನೋಡ್ರಿ, ಇಷ್ಟು ವರ್ಷ ನೌಕರಿ ಮಾಡಿ ಇಂಥಾದ್ದು ಬರದೀರಿ. ದಿನಾ ಸಂಜಿಕ ಸ್ವಲ್ಪ ಆ ವಕೀಲರ ಮನಿಗೆ ಹೋಗಿ ಕೂತು ಕಲೀರಿ.”

“ಆತ್ರಿ ಸರ್,” ಅಂದೆ. “ದಿನಾ ಅಲ್ಲೇ ಮಲಗತೇನ್ರಿ.”